ಫೋನ್ ಮಾಡ್ತೀನಿ ಅಂದ್ರೆ, ಯಾವತ್ತು?

ತೂಕ ಇಳಿಸಬೇಕು ಅಂದುಕೊಂಡವರನ್ನು ಕೇಳಿ ನೋಡಿ. ಎಷ್ಟು ಕೆಜಿ, ಯಾವ ತಿಂಗಳೊಳಗೆ, ವಾರಕ್ಕೆ ಎಷ್ಟು ದಿನ ವಾಕಿಂಗ್, ಎಲ್ಲದಕ್ಕೂ ಉತ್ತರ ರೆಡಿ ಇರುತ್ತೆ. ಮನೆ ಸಾಲ ಮಾಡಿದವರಿಗೆ ಇನ್ನೆಷ್ಟು ಕಂತು ಬಾಕಿ ಅನ್ನೋದು ನಿದ್ದೆಗಣ್ಣಲ್ಲೂ ಗೊತ್ತು. ಆಫೀಸಿನ ಮಾತಂತೂ ಬಿಡಿ, ಏಪ್ರಿಲ್ ಬಂದರೆ ಟಾರ್ಗೆಟ್, ಮಾರ್ಚ್ ಬಂದರೆ ರಿವ್ಯೂ. ಅದೇ ಮನುಷ್ಯನನ್ನು "ಈ ವರ್ಷ ಅಪ್ಪ-ಅಮ್ಮನ ಜೊತೆ, ಹೆಂಡತಿ-ಮಕ್ಕಳ ಜೊತೆ, ಸ್ನೇಹಿತರ ಜೊತೆ ಏನು ಮಾಡಬೇಕು ಅಂತಿದ್ದೀರಿ?" ಅಂತ ಕೇಳಿ. "ಇನ್ನು ಸ್ವಲ್ಪ ಟೈಮ್ ಕೊಡಬೇಕು ಸಾರ್" ಅಂತಾರೆ. ಸ್ವಲ್ಪ ಅಂದ್ರೆ ಎಷ್ಟು? ಗೊತ್ತಿಲ್ಲ. ಯಾವತ್ತಿಂದ? ನೋಡೋಣ.

ಈ "ಸ್ವಲ್ಪ" ಮತ್ತು "ನೋಡೋಣ" ಎರಡರ ನಡುವೆ ಎಷ್ಟು ಜಾರಿ ಹೋಗುತ್ತೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಹಾವೇರಿ ಕಡೆಯ ಹುಡುಗ, ಬೆಂಗಳೂರಿನಲ್ಲಿ ಕೆಲಸ ಅಂತ ಇಟ್ಟುಕೊಳ್ಳಿ. ಯುಗಾದಿಗೆ, ದಸರಾಕ್ಕೆ, ದೀಪಾವಳಿಗೆ ಊರಿಗೆ ಹೋಗ್ತಾನೆ. ಸಲಕ್ಕೆ ಎರಡು ದಿನ, ವರ್ಷಕ್ಕೆ 6 ದಿನ. ತಂದೆಗೆ ಈಗ 68. ದೇವರು 80 ವರ್ಷ ಆಯಸ್ಸು ಕೊಟ್ಟ ಅಂದುಕೊಂಡರೂ ಉಳಿದಿರೋದು 12 ವರ್ಷ. 12 ಇಂಟು 6, ಒಟ್ಟು 72 ದಿನ. ಅದರಲ್ಲಿ ನಿದ್ದೆ, ಮೊಬೈಲು, ನೆಂಟರು, ಹಬ್ಬದ ಗಡಿಬಿಡಿ ಎಲ್ಲ ಕಳೆದು, ಅಪ್ಪ-ಮಗ ಎದುರಾಬದುರು ಕೂತು ಮಾತಾಡೋದು ದಿನಕ್ಕೆ ಎರಡು ಗಂಟೆ ಅನ್ನೋಣ. 144 ಗಂಟೆ. ಅಂದ್ರೆ ಪೂರ್ತಿ ಆರು ದಿನ! ಮಗನ ತಲೆಯಲ್ಲಿ "ಇನ್ನೂ ಹನ್ನೆರಡು ವರ್ಷ ಇದೆಯಲ್ಲ" ಅಂತಿದೆ. ಕೈಯಲ್ಲಿರೋದು ಆರು ದಿನ. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ಇರೋರ ಲೆಕ್ಕ ನಾನು ಹಾಕಲ್ಲ, ನೀವೇ ಹಾಕಿಕೊಳ್ಳಿ.

ಇದು ಬರೀ ಸೆಂಟಿಮೆಂಟ್ ವಿಷಯ ಅಂದುಕೊಂಡರೆ ತಪ್ಪಾಗುತ್ತೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾಕ್ಟರ್ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದರಲ್ಲ, ಅಂದ್ರೆ ಇಡೀ ದೇಶಕ್ಕೆ ಆರೋಗ್ಯದ ಬುದ್ಧಿ ಹೇಳೋ ಸರ್ಕಾರಿ ವೈದ್ಯ, ಅವರು 2023ರ ಮೇ ತಿಂಗಳಲ್ಲಿ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ವಿಷಯ ಸಕ್ಕರೆ ಕಾಯಿಲೆ ಅಲ್ಲ, ಹೃದಯಾಘಾತ ಅಲ್ಲ, ಒಂಟಿತನ. ಜನರ ಜೊತೆ ಸಂಪರ್ಕ ಇಲ್ಲದೆ ಬದುಕೋದರಿಂದ ಅಕಾಲ ಸಾವಿನ ಅಪಾಯ ಎಷ್ಟಿದೆ ಅಂದ್ರೆ, ದಿನಕ್ಕೆ 15 ಸಿಗರೇಟ್ ಸೇದುವವರ ಅಪಾಯಕ್ಕೆ ಅದನ್ನು ಹೋಲಿಸಿದ್ದರು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಅಮೆರಿಕದವರು ಸ್ನೇಹಿತರ ಜೊತೆ ಮುಖಾಮುಖಿ ಕಳೆಯುತ್ತಿದ್ದ ಸಮಯ 2003ರಲ್ಲಿ ದಿನಕ್ಕೆ ಸರಾಸರಿ 60 ನಿಮಿಷ ಇತ್ತು, 2020ಕ್ಕೆ 20 ನಿಮಿಷಕ್ಕೆ ಬಂತು. 2020 ಕೊರೊನಾ ವರ್ಷ, ನಿಜ. ಆದರೆ ಇಳಿಕೆ ಶುರುವಾಗಿದ್ದು ಅದಕ್ಕೂ ಮುಂಚೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿಯೇ ಒಂದು ಆಯೋಗ ಮಾಡಿತು, ಅದರ ಜಂಟಿ ಅಧ್ಯಕ್ಷರೂ ಇವರೇ. 2025ರ ಅದರ ವರದಿ ಹೇಳೋದು: ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡ್ತಿದೆ.

ಸರಿ, ಹಾಗಾದರೆ ಸಂಬಂಧಕ್ಕೂ ಟಾರ್ಗೆಟ್ ಇಟ್ಟುಕೊಳ್ಳೋಣವಾ?

ಇಲ್ಲಿ ತಕ್ಷಣ ಒಂದು ಆಕ್ಷೇಪ ಬರುತ್ತೆ. "ರೀ, ಪ್ರೀತಿ ವಿಶ್ವಾಸಕ್ಕೆಲ್ಲ ಲೆಕ್ಕ ಇಡೋಕಾಗುತ್ತಾ? ಅದೇನು ಕಿರಾಣಿ ಅಂಗಡಿ ಖಾತೆನಾ?" ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಹಿರಿಯರು ಲೆಕ್ಕ ಇಡ್ತಿದ್ದರು ಸ್ವಾಮಿ. ಮುಯ್ಯಿ ಅಂದ್ರೆ ಏನು? ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಹೆಸರು, ಊರು, ಮೊತ್ತ ಬರೆದುಕೊಳ್ಳೋದು. ನಾಳೆ ಅವರ ಮನೆಯಲ್ಲಿ ಮದುವೆ ಆದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟೋ ಅದಕ್ಕಿಂತ ಒಂದಿಷ್ಟು ಜಾಸ್ತಿಯೋ ಹಾಕೋದು. ಹೊಲಗದ್ದೆಯಲ್ಲಿ ಮುಯ್ಯಾಳು ಅಂತ ಇತ್ತು. ಇವತ್ತು ನಮ್ಮ ನಾಟಿಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಿಮ್ಮ ನಾಟಿಗೆ ನಮ್ಮ ಮನೆಯಿಂದ ಇಬ್ಬರು. ಪಕ್ಕಾ ಎಣಿಕೆ. ಸಂಕ್ರಾಂತಿ ಎಳ್ಳು ಬೀರೋದು, ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಗಳಿಗೆ ಬಾಗಿನ ಕಳಿಸೋದು, ಇವೆಲ್ಲ ಏನು? ದಿನಾಂಕ ನಿಗದಿ, ಯಾರು ಹೋಗಬೇಕು ನಿಗದಿ, ಏನು ಕೊಡಬೇಕು ನಿಗದಿ. ಕ್ಯಾಲೆಂಡರ್ ರಿಮೈಂಡರ್ ಇರಲಿಲ್ಲ, ಪಂಚಾಂಗ ಇತ್ತು. ಅಣ್ಣನಿಗೆ ತಂಗಿ ನೆನಪಾದಾಗ ನೋಡಿಕೊಳ್ಳಲಿ ಅಂತ ಯಾರೂ ಬಿಡಲಿಲ್ಲ.

ಆದರೆ ಒಂದು ಗಮನಿಸಿ. ಮುಯ್ಯಾಳಿನ ಲೆಕ್ಕದಲ್ಲಿ ಎಣಿಸ್ತಿದ್ದದ್ದು ಆಳಿನ ದಿನವನ್ನ. "ಪಕ್ಕದ ಮನೆಯವರಿಗೆ ನಮ್ಮ ಮೇಲೆ ಹತ್ತರಲ್ಲಿ ಎಷ್ಟು ಪ್ರೀತಿ ಇದೆ" ಅಂತ ಯಾರೂ ಎಣಿಸಲಿಲ್ಲ. ಮಾಡಿದ ಕೆಲಸಕ್ಕೆ ಲೆಕ್ಕ ಇತ್ತು, ಮನಸ್ಸಿಗೆ ಇರಲಿಲ್ಲ. ಈ ವ್ಯತ್ಯಾಸವನ್ನು ಮರೆತವರು ಏನಾದರು ಅನ್ನೋದಕ್ಕೆ ಅಮೆರಿಕದ ಒಂದು ಬ್ಯಾಂಕಿನ ಕಥೆ ಹೇಳಲೇಬೇಕು.

ಅದಕ್ಕೂ ಮೊದಲು ಈ ಟಾರ್ಗೆಟ್ ಅನ್ನೋದು ಎಲ್ಲಿಂದ ಬಂತು ಅಂತ ಎರಡೇ ಮಾತು. 1954ರಲ್ಲಿ ಪೀಟರ್ ಡ್ರಕರ್ ಅನ್ನೋ ಮ್ಯಾನೇಜ್‌ಮೆಂಟ್ ಚಿಂತಕ, ಕಂಪನಿಗಳನ್ನ ಗುರಿ ಇಟ್ಟು ನಡೆಸಬೇಕು ಅನ್ನೋ ವಿಚಾರವನ್ನು ಪುಸ್ತಕದಲ್ಲಿ ಬರೆದರು. 1981ರಲ್ಲಿ ಜಾರ್ಜ್ ಡೋರನ್ ಅನ್ನೋರು ಒಂದು ಪತ್ರಿಕೆಯಲ್ಲಿ "ಸ್ಮಾರ್ಟ್" ಅನ್ನೋ ಸೂತ್ರ ಕೊಟ್ಟರು. ಇವತ್ತು ಯಾವ ಟ್ರೈನಿಂಗ್‌ಗೆ ಹೋದರೂ ಪಿಪಿಟಿಯ ಎರಡನೇ ಸ್ಲೈಡಿನಲ್ಲಿ ಅದೇ ಇರುತ್ತೆ. ಗುರಿ ಸ್ಪಷ್ಟವಾಗಿರಬೇಕು, ಅಳೆಯುವಂತಿರಬೇಕು, ಹೀಗೆ. ಅದರಲ್ಲಿ "ಎ" ಅಕ್ಷರಕ್ಕೆ ಈಗ ಎಲ್ಲರೂ "ಸಾಧಿಸಬಹುದಾದದ್ದು" ಅಂತ ಅರ್ಥ ಹೇಳ್ತಾರೆ. ಡೋರನ್ ಬರೆದದ್ದು ಬೇರೆ: ಅಸೈನಬಲ್, ಅಂದ್ರೆ ಈ ಕೆಲಸ ಯಾರ ಹೆಗಲಿಗೆ ಅಂತ. ಸಂಬಂಧದ ವಿಷಯಕ್ಕೆ ಈ ಹಳೇ ಅರ್ಥವೇ ಸರಿ. ಹೆಗಲು ನಿಮ್ಮದು. ಇನ್ನೊಬ್ಬರ ಹೆಗಲಿಗೆ ಟಾರ್ಗೆಟ್ ಹೊರಿಸಿದರೆ ಅದು ಸಂಬಂಧ ಅಲ್ಲ, ನೌಕರಿ.

ಈಗ ಬ್ಯಾಂಕಿಗೆ ಬರೋಣ. ವೆಲ್ಸ್ ಫಾರ್ಗೋ, ಅಮೆರಿಕದ ಅತಿ ದೊಡ್ಡ ಬ್ಯಾಂಕುಗಳಲ್ಲಿ ಒಂದು. ಗ್ರಾಹಕರ ಜೊತೆ ಸಂಬಂಧ ಗಟ್ಟಿ ಮಾಡಬೇಕು ಅನ್ನೋದು ಅವರ ಘೋಷಣೆ. ಒಳ್ಳೇ ಆಸೆ. ಆದರೆ ಸಂಬಂಧ ಗಟ್ಟಿಯಾಗಿದೆ ಅಂತ ಗೊತ್ತಾಗೋದು ಹೇಗೆ? ಅವರು ಹಿಡಿದ ಅಳತೆಗೋಲು: ಒಂದು ಮನೆಯವರು ನಮ್ಮ ಬ್ಯಾಂಕಿನಲ್ಲಿ ಎಷ್ಟು ಖಾತೆ, ಎಷ್ಟು ಕಾರ್ಡು, ಎಷ್ಟು ಸಾಲ ಇಟ್ಟುಕೊಂಡಿದ್ದಾರೆ? ಗುರಿ ಎಂಟು ಅಂತ ಇಟ್ಟರು. ಎಂಟೇ ಯಾಕೆ? ಅಲ್ಲಿನ ಮುಖ್ಯಸ್ಥರಾಗಿದ್ದ ಜಾನ್ ಸ್ಟಂಪ್ ಷೇರುದಾರರಿಗೆ ಇದಕ್ಕೆ ಕಾರಣವನ್ನೂ ಬರೆದಿದ್ದರು. ಇಂಗ್ಲಿಷಿನಲ್ಲಿ "ಏಯ್ಟ್" ಅನ್ನೋದು "ಗ್ರೇಟ್" ಅನ್ನೋದಕ್ಕೆ ಪ್ರಾಸ ಆಗುತ್ತೆ ಅಂತ! ನಾನು ತಮಾಷೆ ಮಾಡ್ತಿಲ್ಲ. ಲಕ್ಷಾಂತರ ಮನೆಗಳ ಜೊತೆಗಿನ ಸಂಬಂಧದ ಗುರಿ ನಿರ್ಧಾರ ಆಗಿದ್ದು ಅಂತ್ಯಪ್ರಾಸದಿಂದ.

ಆಮೇಲೆ ಏನಾಯಿತು? ಬ್ರಾಂಚಿನಲ್ಲಿ ಕೂತ ಹುಡುಗ-ಹುಡುಗಿಯರ ಮೇಲೆ ದಿನದ ಟಾರ್ಗೆಟ್ ಬಿತ್ತು. ಬಾಗಿಲು ತೆರೆದು ಬರುವ ಗ್ರಾಹಕರಿಗೆ ಎಂಟು ಖಾತೆ ಬೇಕಾಗಿಲ್ಲ. ಕೆಲಸ ಉಳಿಯಬೇಕಾದರೆ ಎಂಟು ಆಗಲೇಬೇಕು. ಗ್ರಾಹಕರಿಗೆ ಹೇಳದೇ, ಅವರ ಒಪ್ಪಿಗೆ ಪಡೆಯದೇ ಅವರ ಹೆಸರಿನಲ್ಲಿ ಖಾತೆಗಳು ತೆರೆಯುತ್ತಾ ಹೋದವು. 2013ರ ಕೊನೆಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಇದನ್ನು ಬರೆಯಿತು. 2016ರ ಸೆಪ್ಟೆಂಬರ್‌ನಲ್ಲಿ ನಿಯಂತ್ರಣ ಸಂಸ್ಥೆಗಳು 18.5 ಕೋಟಿ ಡಾಲರ್ ದಂಡ ಹಾಕಿದವು. ಅಷ್ಟೊತ್ತಿಗೆ ಸುಮಾರು 5,300 ಸಿಬ್ಬಂದಿ ಕೆಲಸ ಕಳೆದುಕೊಂಡಿದ್ದರು. ಒಪ್ಪಿಗೆ ಇಲ್ಲದೆ ತೆರೆದಿರಬಹುದಾದ ಖಾತೆಗಳು ಮೊದಲ ಅಂದಾಜಿನಲ್ಲಿ 20 ಲಕ್ಷ, ಮರುವರ್ಷ ಮತ್ತೆ ಎಣಿಸಿದಾಗ 35 ಲಕ್ಷ. ಸ್ಟಂಪ್ ಅದೇ ಅಕ್ಟೋಬರ್‌ನಲ್ಲಿ ಕುರ್ಚಿ ಬಿಟ್ಟರು. 2020ರಲ್ಲಿ ಬ್ಯಾಂಕು ಅಮೆರಿಕ ಸರ್ಕಾರಕ್ಕೆ 300 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡಿತು.

ಇಲ್ಲಿ ಎಡವಟ್ಟು ಎಲ್ಲಾಯಿತು ಅಂತ ಯೋಚನೆ ಮಾಡಿ. ಗುರಿ ಸ್ಪಷ್ಟವಾಗಿತ್ತು, ಅಳೆಯುವಂತಿತ್ತು, ಗಡುವೂ ಇತ್ತು. ಸ್ಮಾರ್ಟ್ ಸೂತ್ರದ ಬಹುಪಾಲು ಬಾಕ್ಸಿಗೆ ಟಿಕ್ ಬಿದ್ದಿತ್ತು. ಒಬ್ಬ ಮನುಷ್ಯನಿಗೆ ನನ್ನ ಮೇಲೆ ನಂಬಿಕೆ ಇದ್ದರೆ ಅವನು ನನ್ನ ಹತ್ತಿರ ಹೆಚ್ಚು ವ್ಯವಹಾರ ಮಾಡ್ತಾನೆ, ಅದು ನಿಜ. ಆದರೆ ವ್ಯವಹಾರ ಹೆಚ್ಚಾಯಿತು ಅಂದ ಮಾತ್ರಕ್ಕೆ ನಂಬಿಕೆ ಇದೆ ಅಂತಾಗಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೀಗೊಂದು ಮಾತು ಹೇಳಿದ್ದರು, ಆಮೇಲೆ ಅದು ಗುಡ್‌ಹಾರ್ಟ್ ನಿಯಮ ಅಂತಲೇ ಹೆಸರಾಯಿತು. ಸರಳವಾಗಿ ಹೇಳೋದಾದರೆ, ಅಳತೆಯೇ ಗುರಿ ಆಗಿಬಿಟ್ಟರೆ ಅದು ಒಳ್ಳೇ ಅಳತೆಯಾಗಿ ಉಳಿಯಲ್ಲ.

ನಮ್ಮ ಮನೆಯದ್ದೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವೇ ಕೇಳ್ತೀರಿ. ವೀಕ್ಷಕರ ಜೊತೆ ನ್ಯೂಸ್ ಚಾನೆಲ್‌ಗಳ ಸಂಬಂಧವನ್ನ ಅಳೆಯೋ ಮೀಟರಿಗೆ ಟಿಆರ್‌ಪಿ ಅಂತಾರೆ. ದೇಶದ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟು ಅಳೀತಾರೆ. ಅಕ್ರಮದ ಆರೋಪ ಬಂದು 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ನ್ಯೂಸ್ ಚಾನೆಲ್‌ಗಳ ರೇಟಿಂಗ್ ಕೊಡೋದನ್ನೇ ನಿಲ್ಲಿಸಿದ್ದರು. ಮೀಟರ್ ನೋಡೋದು ಏನು ಅಂದ್ರೆ, ಟಿವಿ ಆನ್ ಇತ್ತಾ, ಯಾವ ಚಾನೆಲ್ ಇತ್ತು, ಎಷ್ಟು ಹೊತ್ತು. ಸೋಫಾದ ಮೇಲೆ ಕೂತವರು ನಮ್ಮನ್ನ ನಂಬಿದರಾ, ಬೈದುಕೊಂಡು ನೋಡಿದರಾ ಅನ್ನೋದು ಅದಕ್ಕೆ ಕಾಣಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ನನ್ನ ಎಡಿಟರ್ ಕಾಲ್ ಬರುತ್ತೆ, ಮುಂದೆ ಹೋಗೋಣ.

ಇಂಜಿನಿಯರಿಂಗ್ ಓದಿದವರಿಗೆ ಕಂಟ್ರೋಲ್ ಸಿಸ್ಟಮ್ಸ್ ಅನ್ನೋ ಸಬ್ಜೆಕ್ಟ್ ನೆನಪಿರುತ್ತೆ, ಎಷ್ಟೋ ಜನರ ಬ್ಯಾಕ್‌ಲಾಗ್ ಲಿಸ್ಟಿನಲ್ಲೂ ಇರುತ್ತೆ. ಅದರ ಮೊದಲ ಪಾಠ ಇನ್‌ಪುಟ್ ಮತ್ತು ಔಟ್‌ಪುಟ್. ಗೀಸರ್ ಉದಾಹರಣೆ ತಗೊಳ್ಳಿ. ನಿಮ್ಮ ಕೈಯಲ್ಲಿರೋದು ತಿರುಗಿಸೋ ಗುಂಡಿ ಮಾತ್ರ. ನೀರಿನ ಬಿಸಿ ನಿಮ್ಮ ಕೈಯಲ್ಲಿಲ್ಲ. ಕರೆಂಟು, ತೊಟ್ಟಿಯ ನೀರು, ಹೊರಗಿನ ಚಳಿ, ಎಲ್ಲ ಸೇರಿ ಅದು ಆಗುತ್ತೆ. ನೀವು ಗುಂಡಿ ತಿರುಗಿಸಿ, ಬೆರಳದ್ದಿ ನೋಡಿ, ಮತ್ತೆ ಗುಂಡಿ ಹೊಂದಿಸಬೇಕು. ಸಂಬಂಧದಲ್ಲೂ ಗುಂಡಿ ಒಂದೇ, ನೀವು ಏನು ಮಾಡ್ತೀರಿ ಅನ್ನೋದು. ಗುರಿ ಇಡಬೇಕಾದ್ದು ಅದಕ್ಕೆ. ಎದುರಿನವರ ಮನಸ್ಸು ಔಟ್‌ಪುಟ್. ಅದನ್ನ ಬೆರಳದ್ದಿ ನೋಡಬಹುದು, ಟಾರ್ಗೆಟ್ ಇಡೋಕಾಗಲ್ಲ. "ಡಿಸೆಂಬರ್ ಒಳಗೆ ಅತ್ತೆ ನನ್ನನ್ನ ಮೆಚ್ಚಬೇಕು" ಅನ್ನೋದು ಗುರಿ ಅಲ್ಲ, ಹರಕೆ. "ಪ್ರತಿ ಭಾನುವಾರ ಬೆಳಗ್ಗೆ ಅತ್ತೆ ಜೊತೆ ಅರ್ಧ ಗಂಟೆ ಕೂತು ಕಾಫಿ" ಅನ್ನೋದು ಗುರಿ.

ಇನ್‌ಪುಟ್‌ಗೆ ಎಷ್ಟು ಗಂಟೆ ಬೇಕು ಅನ್ನೋದನ್ನೂ ಒಬ್ಬರು ಲೆಕ್ಕ ಹಾಕಿದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, 2018ರಲ್ಲಿ. ಹೊಸ ಊರಿಗೆ ಬಂದವರನ್ನ, ಕಾಲೇಜಿಗೆ ಹೊಸದಾಗಿ ಸೇರಿದವರನ್ನ ಕೇಳಿ ಮಾಡಿದ ಅಧ್ಯಯನ. ಮುಖಪರಿಚಯ ಇದ್ದವರು ಸಾಧಾರಣ ಸ್ನೇಹಿತರಾಗೋಕೆ ಸುಮಾರು 50 ಗಂಟೆ, ಸ್ನೇಹಿತ ಅಂತ ಧೈರ್ಯವಾಗಿ ಹೇಳೋಕೆ ಸುಮಾರು 90 ಗಂಟೆ, ಆಪ್ತರಾಗೋಕೆ 200 ಗಂಟೆಗೂ ಮೇಲೆ. ಇದನ್ನ ಗೋಡೆ ಗಡಿಯಾರದ ಥರ ಹಿಡಿಯಬೇಡಿ, ಅಮೆರಿಕದ ಅಂದಾಜು ಅದು. ನಮ್ಮ ಕಡೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಒಂದೇ ರಾತ್ರಿಗೆ ಚಿತ್ರಾನ್ನ ಹಂಚಿಕೊಂಡು ಆಪ್ತರಾಗೋರಿದ್ದಾರೆ. ಆದರೆ ಅದರಲ್ಲಿ ಆಫೀಸಿನವರು ಗಮನಿಸಬೇಕಾದ ಒಂದು ಮಾತಿದೆ. ಜೊತೆಯಲ್ಲಿ ಕೆಲಸ ಮಾಡಿದ ಗಂಟೆಗಳಿಗೆ ಅಷ್ಟು ಬೆಲೆ ಬರಲಿಲ್ಲ. ಊಟ, ಹರಟೆ, ಸುಮ್ಮನೆ ಕೂತಿದ್ದು, ಇವು ಲೆಕ್ಕಕ್ಕೆ ಬಂದವು. ಒಂದೇ ಸಾಲಿನ ಸೀಟಿನಲ್ಲಿ ಮೂರು ವರ್ಷ ಕೂತವರಿಗೆ ಪಕ್ಕದವರ ಮಗಳ ಹೆಸರು ಗೊತ್ತಿಲ್ಲದೇ ಇರೋದಕ್ಕೆ ಇದೇ ಕಾರಣ.

ಗಂಟೆಯಷ್ಟೇ ಅಲ್ಲ, ಗಂಟೆಯೊಳಗೆ ಏನಾಗುತ್ತೆ ಅನ್ನೋದೂ ಇದೆ. ಜಾನ್ ಗಾಟ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಒಂದು ಅಪಾರ್ಟ್‌ಮೆಂಟನ್ನೇ ಲ್ಯಾಬ್ ಮಾಡಿಕೊಂಡಿದ್ದರು. ಜನ ಅದಕ್ಕೆ ಲವ್ ಲ್ಯಾಬ್ ಅಂತ ಹೆಸರಿಟ್ಟರು. ಗಂಡ-ಹೆಂಡತಿ ಅಲ್ಲಿ ಬಂದು ಒಂದು ದಿನ ಸಾಮಾನ್ಯವಾಗಿ ಇರಬೇಕು, ಕ್ಯಾಮೆರಾ ಓಡ್ತಿರುತ್ತೆ. (ಬಿಗ್ ಬಾಸ್ ಅಂದುಕೊಳ್ಳಬೇಡಿ, ಎಲಿಮಿನೇಷನ್ ಇಲ್ಲ.) ಅವರು ನೋಡಿದ್ದು ದೊಡ್ಡ ಜಗಳಗಳನ್ನಲ್ಲ, ಬಹಳ ಸಣ್ಣ ಸಂಗತಿಗಳನ್ನ. ಹೆಂಡತಿ ಕಿಟಕಿ ಹತ್ತಿರ ನಿಂತು "ಅಲ್ನೋಡಿ, ಎಷ್ಟು ಚೆನ್ನಾಗಿರೋ ಹಕ್ಕಿ" ಅಂದರೆ ಗಂಡ ತಲೆ ಎತ್ತಿ ನೋಡ್ತಾನಾ, "ಹ್ಞೂಂ" ಅಂತಾನಾ, ಕೇಳಿಸಲೇ ಇಲ್ಲ ಅನ್ನೋ ಹಾಗೆ ಪೇಪರ್ ಓದ್ತಾನಾ? ಹೊಸದಾಗಿ ಮದುವೆಯಾದ ಜೋಡಿಗಳನ್ನ ಹೀಗೆ ನೋಡಿ, ಆರು ವರ್ಷ ಬಿಟ್ಟು ಯಾರು ಜೊತೆಗಿದ್ದಾರೆ ಅಂತ ವಿಚಾರಿಸಿದರು. ಜೊತೆಗೆ ಉಳಿದವರು ಇಂಥ ಸಣ್ಣ ಕರೆಗಳಿಗೆ ನೂರಕ್ಕೆ 86 ಸಲ ಓಗೊಟ್ಟಿದ್ದರು. ಬೇರೆಯಾದವರು 33 ಸಲ.

ಇದೇ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ ಅವರ ಕೆಲಸದಿಂದಲೇ ಬಂದದ್ದು "ಐದಕ್ಕೆ ಒಂದು" ಅನ್ನೋ ಲೆಕ್ಕ. ಭಿನ್ನಾಭಿಪ್ರಾಯದ ಮಾತು ನಡೀವಾಗಲೂ, ಗಟ್ಟಿ ಜೋಡಿಗಳಲ್ಲಿ ಒಂದು ಕೆಟ್ಟ ಮಾತಿಗೆ ಐದು ಒಳ್ಳೇ ಮಾತು, ನಗು, ತಲೆದೂಗು ಇರುತ್ತೆ ಅಂತ. ಹಾಗಂತ ಇವತ್ತು ಬೆಳಗ್ಗೆ ಒಂದು ಬೈದಿದ್ದೀನಿ, ಸಾಯಂಕಾಲದೊಳಗೆ ಐದು ಹೊಗಳಿಕೆ ಹಾಕಿ ಟ್ಯಾಲಿ ಮಾಡ್ತೀನಿ ಅಂತ ಹೊರಟರೆ ಅದು ವೆಲ್ಸ್ ಫಾರ್ಗೋ ದಾರಿ. ಹೆಂಡತಿಯರಿಗೆ ನಕಲಿ ಖಾತೆ ಬೇಗ ಗೊತ್ತಾಗುತ್ತೆ. ಇನ್‌ಪುಟ್ ಭಾಷೆಗೆ ಇದನ್ನ ಬದಲಾಯಿಸಿಕೊಳ್ಳಿ: ಮನೆಗೆ ಬಂದ ಮೊದಲ ಅರ್ಧ ಗಂಟೆ ಫೋನು ಚಾರ್ಜಿಗೆ, ಯಾರು ಕರೆದರೂ ತಲೆ ಎತ್ತಿ ಮುಖ ನೋಡಿ ಉತ್ತರ. ವಾರದಲ್ಲಿ ಐದು ದಿನ ಇದು ಆಯಿತಾ ಇಲ್ಲವಾ? ಅಷ್ಟೇ ಲೆಕ್ಕ.

ಮನೆಯ ಮಾತು ಬಂತಲ್ಲ, ಇನ್ನೊಂದು ಅಂಕಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ. ಗಂಡಸರು, ಅದೂ ಆ ಕೆಲಸಕ್ಕೆ ಕೈ ಹಾಕುವವರ ಸರಾಸರಿ, 88 ನಿಮಿಷ. 2019ರ ಸಮೀಕ್ಷೆಯಲ್ಲಿ ಹೆಂಗಸರದ್ದು 299, ಗಂಡಸರದ್ದು 97 ಇತ್ತು. ಐದು ವರ್ಷದಲ್ಲಿ ಹೆಂಗಸರ ಕೆಲಸ 10 ನಿಮಿಷ ಇಳಿಯಿತು ಅಂತ ಖುಷಿ ಪಡೋಣ ಅಂದರೆ ಗಂಡಸರದ್ದೂ 9 ನಿಮಿಷ ಇಳಿದಿದೆ! ಆನಿವರ್ಸರಿಗೆ ಉಡುಗೊರೆ ಏನು ಕೊಡಲಿ ಅಂತ ತಲೆ ಕೆಡಿಸಿಕೊಳ್ಳೋ ಗಂಡಂದಿರಿಗೆ ನನ್ನ ಸಲಹೆ, ದಿನಕ್ಕೆ 30 ನಿಮಿಷ. ರಾತ್ರಿ ಪಾತ್ರೆ ನನ್ನದು, ಅಥವಾ ಬೆಳಗ್ಗೆ ಮಕ್ಕಳ ಟಿಫನ್ ಬಾಕ್ಸ್ ನನ್ನದು, ವಾರಕ್ಕೆ ಆರು ದಿನ, ಯಾರೂ ನೆನಪಿಸದೇ. "ಯಾರೂ ನೆನಪಿಸದೇ" ಅನ್ನೋದೂ ಗುರಿಯ ಭಾಗ. ನೆನಪಿಸೋದು ಕೂಡ ಒಂದು ಕೆಲಸವೇ, ಅದು ಸಮೀಕ್ಷೆಯ ನಿಮಿಷದಲ್ಲಿ ಬರಲ್ಲ.

ಆಫೀಸಿಗೆ ಹೋಗೋಣ. ಸಹೋದ್ಯೋಗಿಗಳ ಜೊತೆ ಒಳ್ಳೇ ಸಂಬಂಧ ಅಂದ ಕೂಡಲೇ ಎಚ್‌ಆರ್‌ನವರು ಟೀಂ ಲಂಚ್, ರೆಸಾರ್ಟ್ ಟ್ರಿಪ್ ಅಂತ ಪಟ್ಟಿ ಕೊಡ್ತಾರೆ. ನನಗೆ ಅದಕ್ಕಿಂತ ಬೆಲೆಬಾಳೋದು ಅನ್ನಿಸಿದ್ದು ಏಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿಯ ಕೆಲಸ. 90ರ ದಶಕದ ಆರಂಭದಲ್ಲಿ ಅವರು ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪುಗಳನ್ನ ನೋಡ್ತಿದ್ದರು. ಒಳ್ಳೇ ಹೊಂದಾಣಿಕೆ ಇರೋ ತಂಡದಲ್ಲಿ ತಪ್ಪು ಕಡಿಮೆ ಇರಬೇಕಲ್ಲವಾ? ಲೆಕ್ಕ ತೆಗೆದರೆ ಉಲ್ಟಾ. ಒಳ್ಳೇ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. ಕೆದಕಿ ನೋಡಿದಾಗ ಗೊತ್ತಾಗಿದ್ದು, ಅಲ್ಲಿ ತಪ್ಪು ಹೆಚ್ಚು ಆಗ್ತಿಲ್ಲ, ಹೆಚ್ಚು ಹೊರಗೆ ಬರ್ತಿದೆ. ಮೇಲಿನವರಿಗೆ ಹೇಳಿದರೆ ಬೈಗುಳ ಬೀಳಲ್ಲ ಅನ್ನೋ ಧೈರ್ಯ ಅಲ್ಲಿತ್ತು. ಬೇರೆ ಕಡೆ ತಪ್ಪುಗಳು ಹೆದರಿಕೆಯ ಕೆಳಗೆ ಮುಚ್ಚಿಹೋಗಿದ್ದವು. 1999ರಲ್ಲಿ ಅವರು ಇದನ್ನೇ ಬೆಳೆಸಿ ತಂಡದ "ಮಾನಸಿಕ ಸುರಕ್ಷತೆ" ಅನ್ನೋ ವಿಚಾರ ಬರೆದರು.

ನೀವು ಹತ್ತು ಜನರ ಮೇಲೆ ಬಾಸ್ ಆಗಿದ್ದರೆ ತಿಂಗಳ ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ತಿಂಗಳು ನನ್ನ ಹತ್ತಿರ ತಾವಾಗೇ ಕೆಟ್ಟ ಸುದ್ದಿ ತಂದವರು ಎಷ್ಟು ಜನ? "ಸಾರ್, ಡೆಡ್‌ಲೈನ್ ತಪ್ಪುತ್ತೆ", "ಮೇಡಂ, ನನ್ನಿಂದ ತಪ್ಪಾಯಿತು", "ನೀವು ಹೇಳಿದ್ದು ಸರಿ ಇಲ್ಲ ಅನ್ನಿಸುತ್ತೆ". ಸೊನ್ನೆ ಬಂತಾ? ತಪ್ಪುಗಳಿಲ್ಲ ಅಂತ ಹಿಗ್ಗಬೇಡಿ. ನಿಮಗೆ ಹೇಳ್ತಿಲ್ಲ ಅಷ್ಟೇ. ಆದರೆ ಜೋಕೆ, ಈ ಸಂಖ್ಯೆ ಥರ್ಮಾಮೀಟರ್, ಗುಂಡಿ ಅಲ್ಲ. "ಪ್ರತಿಯೊಬ್ಬರೂ ತಿಂಗಳಿಗೆ ಎರಡು ಕೆಟ್ಟ ಸುದ್ದಿ ತರತಕ್ಕದ್ದು" ಅಂತ ಸರ್ಕ್ಯುಲರ್ ಹಾಕಿದರೆ ಮಂಗಳವಾರದೊಳಗೆ ನಕಲಿ ಕೆಟ್ಟ ಸುದ್ದಿ ತಯಾರಾಗುತ್ತೆ. ಗುಂಡಿ ಇರೋದು ಬೇರೆ ಕಡೆ: ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ 20 ನಿಮಿಷ, ಅದರಲ್ಲಿ 15 ನಿಮಿಷ ಅವರ ಮಾತು, ಮತ್ತೆ ಕೆಟ್ಟ ಸುದ್ದಿ ತಂದವರಿಗೆ ಮೊದಲ ವಾಕ್ಯ "ಹೇಳಿದ್ದು ಒಳ್ಳೇದಾಯ್ತು". ಎರಡನೇ ವಾಕ್ಯದಲ್ಲಿ ಬೇಕಾದರೆ ಕೆಲಸದ ಪ್ರಶ್ನೆ ಕೇಳಿ.

ಇಷ್ಟೆಲ್ಲ ಕೇಳಿದ ಮೇಲೂ ಬಹಳ ಜನ ಶುರು ಮಾಡಲ್ಲ. ಅದಕ್ಕೂ ಕಾರಣ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ದರು, 1997ರಲ್ಲಿ ಅದು ಪ್ರಕಟವಾಯಿತು. ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ಹಿಂದಿನ ದಿನ ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ಬರೆದು ಕಳಿಸೋ ಕೆಲಸ. ಅರ್ಧದಷ್ಟು ಜನರಿಗೆ ಒಂದು ಹೆಚ್ಚಿನ ಮಾತು ಹೇಳಿದರು: ಯಾವಾಗ, ಎಲ್ಲಿ ಕೂತು ಬರೀತೀರಿ ಅನ್ನೋದನ್ನ ಈಗಲೇ ನಿರ್ಧರಿಸಿ. ಹಾಗೆ ನಿರ್ಧರಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬರೆದು ಕಳಿಸಿದರು. ಬರೀ "ಬರೀತೀನಿ" ಅಂದವರಲ್ಲಿ ಮೂರನೇ ಒಂದು ಭಾಗ. ಆಸೆ ಇಬ್ಬರದ್ದೂ ಒಂದೇ, ಹಬ್ಬದ ಗಲಾಟೆಯೂ ಒಂದೇ.

ಹಾಗಾಗಿ ಅಪ್ಪನಿಗೆ ಫೋನ್ ಮಾಡ್ತೀನಿ ಅನ್ನೋದನ್ನ ಹೀಗೆ ಬರೆದಿಡಿ: ಬುಧವಾರ, ಶನಿವಾರ, ಆಫೀಸಿನಿಂದ ಹೊರಟು ಮೆಟ್ರೋ ಇಳಿದು ಮನೆಗೆ ನಡೆಯುವಾಗ, ಹತ್ತು ನಿಮಿಷ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಎರಡೂ ಆದ ಮೇಲೆ ಅವರ ಬಗ್ಗೆ ಇನ್ನೊಂದು ಪ್ರಶ್ನೆ. ಪಂಪ್‌ಸೆಟ್ ರಿಪೇರಿ ಆಯಿತಾ, ಆ ನೆಂಟರ ಜೊತೆ ರಾಜಿ ಆಯಿತಾ, ಏನೋ ಒಂದು. ರಿಮೈಂಡರ್ ಇಟ್ಟುಕೊಂಡು ಅಮ್ಮನಿಗೆ ಫೋನ್ ಮಾಡೋದು ಕೃತಕ ಅಲ್ಲವಾ ಅಂತ ಕೇಳೋರಿದ್ದಾರೆ. ಪ್ರೀತಿ ಉಕ್ಕಿ ಮಾಡಿದ ಫೋನು, ರಿಮೈಂಡರ್ ಹೊಡೆದು ಮಾಡಿದ ಫೋನು, ಅಮ್ಮನ ಕಡೆ ಎರಡಕ್ಕೂ ಒಂದೇ ರಿಂಗ್‌ಟೋನ್.

ಎಷ್ಟು ಜನರಿಗೆ ಇಂಥ ಗುರಿ ಇಟ್ಟುಕೊಳ್ಳಬಹುದು? ಬ್ರಿಟನ್ನಿನ ರಾಬಿನ್ ಡನ್‌ಬಾರ್ ಅನ್ನೋ ವಿಜ್ಞಾನಿ ಮನುಷ್ಯ ನಿಭಾಯಿಸಬಲ್ಲ ಸಂಬಂಧಗಳು ಹೆಚ್ಚುಕಡಿಮೆ 150, ಅದರಲ್ಲಿ ಜೀವದ ಹತ್ತಿರದವರು ಐದೇ ಐದು ಅಂತಾರೆ. ಈ 150ರ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಐದರ ಬಗ್ಗೆ ನನ್ನ ಅನುಭವದಲ್ಲಿ ತಕರಾರಿಲ್ಲ. ಮೂವರಿಂದ ಶುರು ಮಾಡಿ, ಮನೆಯ ಇಬ್ಬರು, ಕೆಲಸದ ಜಾಗದ ಒಬ್ಬರು. ಮತ್ತೆ ಈ ಲೆಕ್ಕದ ಹಾಳೆ ನಿಮ್ಮ ಹತ್ತಿರವೇ ಇರಲಿ. "ನೋಡಮ್ಮ, ಈ ತಿಂಗಳು ನಿಂಗೆ ಎಂಟು ಸಲ ಫೋನ್ ಮಾಡಿದ್ದೀನಿ" ಅಂತ ಜಗಳದ ಮಧ್ಯೆ ಅದನ್ನ ಹೊರಗೆ ತೆಗೆದ ದಿನ ಅದು ಸಾಲದ ಪತ್ರ ಆಗುತ್ತೆ.

ಗುರಿ ಇಡಬಾರದ ಸಂಬಂಧಗಳೂ ಇವೆ, ಅದನ್ನ ಹೇಳದೇ ಬಿಟ್ಟರೆ ಅನ್ಯಾಯ. ಹೊಡೆಯೋ ಗಂಡ, ಅವಮಾನ ಮಾಡಿಯೇ ಕೆಲಸ ತೆಗೆಸೋ ಬಾಸ್, ಇವರ ಜೊತೆ "ನಾನು ಇನ್ನೂ ಹೆಚ್ಚು ಸಮಯ ಕೊಡ್ತೀನಿ, ಇನ್ನೂ ಹೊಂದಿಕೊಳ್ತೀನಿ" ಅಂತ ಹೆಣ್ಣುಮಕ್ಕಳು ವರ್ಷಗಟ್ಟಲೆ ತಮ್ಮ ಗುಂಡಿಯನ್ನೇ ತಿರುಗಿಸುತ್ತಾ ಕೂರ್ತಾರೆ. ಅಲ್ಲಿ ಕೆಟ್ಟಿರೋದು ನಿಮ್ಮ ಗುಂಡಿ ಅಲ್ಲ. ಆ ಮನೆಯಿಂದ ಮಾಡಬೇಕಾದ ಫೋನು 181ಕ್ಕೆ, ಮಹಿಳಾ ಸಹಾಯವಾಣಿ ಅದು. ಹಾಗೇ ಒಂಟಿಯಾಗಿರೋ ಹಿರಿಯರಿಗೆ 14567 ಅಂತ ಒಂದು ಸಹಾಯವಾಣಿ ಇದೆ, ಬರೆದಿಟ್ಟುಕೊಳ್ಳಿ.

ಇನ್ನು ರಿವ್ಯೂ. ಮೂರು ತಿಂಗಳಿಗೊಮ್ಮೆ ಸಾಕು, ಹತ್ತು ನಿಮಿಷ. ವಾರಕ್ಕೆ ಎರಡು ಅಂದುಕೊಂಡಿದ್ದು ಒಂದೇ ಆಗ್ತಿದ್ದರೆ ಒಂದಕ್ಕೇ ಇಳಿಸಿ, ಅದನ್ನ ತಪ್ಪಿಸಬೇಡಿ. ಶನಿವಾರದ ಫೋನು ಬರೀ ಹೂಂ-ಹಾಂನಲ್ಲಿ ಮುಗೀತಿದ್ದರೆ ದಿನ ಬದಲಾಯಿಸಿ. ಬಹುಶಃ ಆ ಹೊತ್ತಿಗೆ ಅಮ್ಮನ ಸೀರಿಯಲ್ ಇರುತ್ತೆ.